ತರಗತಿಯ ಸುದ್ದಿ ಮನೆಗೆ ತಲುಪಲಿ: ನಲಿ-ಕಲಿ ತರಗತಿ, ಎರಡನೆಯ ಅವಧಿಯ ಕಾರ್ಯಕ್ರಮಗಳು ಮತ್ತು ಗ್ರಾಮ ಪಂಚಾಯಿತಿ ಸದಸ್ಯರ ಹೊಣೆ

ದಸರಾ ರಜೆ ಮುಗಿಯುತ್ತಿದ್ದಂತೆ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಎರಡನೆಯ ಅವಧಿ ಆರಂಭವಾಗುತ್ತದೆ. ಅಲ್ಲಿಂದ ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ ಶೈಕ್ಷಣಿಕ ವರ್ಷ ಮುಗಿಯುವವರೆಗಿನ ತಿಂಗಳುಗಳಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳ ಓದು, ಬರಹ ಮತ್ತು ಲೆಕ್ಕ ಗಟ್ಟಿಯಾಗಬೇಕು. ಪೋಷಕರ ಸಭೆ, ಮಕ್ಕಳ ಗ್ರಾಮಸಭೆ, ಪ್ರತಿಭಾ ಕಾರಂಜಿ, ಕಲಿಕಾ ಹಬ್ಬ, ಶಾಲಾ ವಾರ್ಷಿಕೋತ್ಸವ ಮುಂತಾದ ಕಾರ್ಯಕ್ರಮಗಳಲ್ಲಿ ಹೆಚ್ಚಿನವು ನಡೆಯುವುದೂ ವರ್ಷದ ಈ ಭಾಗದಲ್ಲಿಯೇ.

ಇವುಗಳ ಸುದ್ದಿ ಮಗುವಿನ ಮನೆಗೆ ಸಕಾಲದಲ್ಲಿ ತಲುಪುತ್ತಿದೆಯೇ ಎಂಬುದು ಈ ಲೇಖನದ ಪ್ರಶ್ನೆ. ಶಾಲೆ ಸೂಚನೆ ಬರೆದು ಕಳುಹಿಸುತ್ತದೆ. ಆದರೆ ಮನೆಯಲ್ಲಿ ಅದನ್ನು ಓದುವವರು ಇಲ್ಲದಿರಬಹುದು. ಸಭೆ ಕರೆಯುತ್ತದೆ; ಆ ಹೊತ್ತಿಗೆ ತಾಯಿ ಕೂಲಿಗೆ ಹೋಗಿರಬಹುದು. ಮಗು ಓದಿನಲ್ಲಿ ಹಿಂದುಳಿದಿರುವುದು ಮನೆಯವರಿಗೆ ಮೊದಲು ತಿಳಿಯುವುದು ನಾಲ್ಕನೆಯ ಅಥವಾ ಐದನೆಯ ತರಗತಿಯಲ್ಲಿ ಎಂದಾದರೆ, ಸರಿಪಡಿಸಲು ಸುಲಭವಾಗಿದ್ದ ಕಾಲ ಆಗಲೇ ಕಳೆದುಹೋಗಿರುತ್ತದೆ. ಶಾಲೆ ಮತ್ತು ಮನೆಯ ನಡುವಿನ ಈ ಅಂತರವನ್ನು ಕಡಿಮೆ ಮಾಡುವ ಸಾಧನಗಳು ಗ್ರಾಮ ಪಂಚಾಯಿತಿಯ ಬಳಿ ಈಗಾಗಲೇ ಇವೆ. ಅವುಗಳನ್ನು ಬಳಸುವ ಬಗೆಯನ್ನು ಮಾನ್ಯ ಸದಸ್ಯರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ.

ಕಾನೂನು ಏನು ಹೇಳುತ್ತದೆ

ಸಂವಿಧಾನದ ಹನ್ನೊಂದನೆಯ ಅನುಸೂಚಿಯು ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳನ್ನು ಪಟ್ಟಿ ಮಾಡಿದೆ. ಅದರಲ್ಲಿ 17ನೆಯದು ಪ್ರಾಥಮಿಕ ಮತ್ತು ಪ್ರೌಢಶಾಲೆಗಳನ್ನು ಒಳಗೊಂಡ ಶಿಕ್ಷಣ, 20ನೆಯದು ಗ್ರಂಥಾಲಯ.

2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಅಧಿನಿಯಮ, 2009 ಇನ್ನೂ ಸ್ಪಷ್ಟವಾಗಿದೆ. ಅದರ 24ನೆಯ ಪ್ರಕರಣದಂತೆ, ಶಿಕ್ಷಕರು ತಂದೆ-ತಾಯಿ ಮತ್ತು ಪೋಷಕರ ಸಭೆಯನ್ನು ನಿಯತವಾಗಿ ನಡೆಸಿ, ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ ಮತ್ತು ಕಲಿಕೆಯಲ್ಲಿನ ಪ್ರಗತಿಯನ್ನು ಅವರಿಗೆ ತಿಳಿಸಬೇಕು. ಹೀಗಾಗಿ ತರಗತಿಯ ಸುದ್ದಿಯನ್ನು ಮನೆಗೆ ತಲುಪಿಸುವುದು ಶಿಕ್ಷಕರ ಶಾಸನಬದ್ಧ ಕರ್ತವ್ಯ. ಅದೇ ಅಧಿನಿಯಮದ 9ನೆಯ ಪ್ರಕರಣವು ಸ್ಥಳೀಯ ಪ್ರಾಧಿಕಾರಕ್ಕೂ ಕರ್ತವ್ಯಗಳನ್ನು ವಿಧಿಸಿದೆ: ತನ್ನ ವ್ಯಾಪ್ತಿಯಲ್ಲಿ ವಾಸಿಸುವ 14 ವರ್ಷದವರೆಗಿನ ಮಕ್ಕಳ ದಾಖಲೆ ಇಡುವುದು, ಅವರ ದಾಖಲಾತಿ ಮತ್ತು ಹಾಜರಾತಿಯನ್ನು ಖಾತರಿಪಡಿಸುವುದು, ವಲಸೆ ಕುಟುಂಬಗಳ ಮಕ್ಕಳಿಗೆ ಪ್ರವೇಶ ದೊರಕಿಸುವುದು, ಶಾಲೆಗಳ ಕಾರ್ಯನಿರ್ವಹಣೆಯನ್ನು ಗಮನಿಸುವುದು.

21ನೆಯ ಪ್ರಕರಣದ ಪ್ರಕಾರ ಶಾಲಾ ನಿರ್ವಹಣಾ ಸಮಿತಿಯ ಸದಸ್ಯರಲ್ಲಿ ಕನಿಷ್ಠ ಮುಕ್ಕಾಲು ಪಾಲು ತಂದೆ-ತಾಯಿ ಅಥವಾ ಪೋಷಕರು ಮತ್ತು ಅರ್ಧದಷ್ಟು ಮಹಿಳೆಯರು ಇರಬೇಕು. ನಮ್ಮ ರಾಜ್ಯದಲ್ಲಿ ಈ ಕೆಲಸವನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ, ಮಾಡುತ್ತಿದೆ. ಸುದ್ದಿ ಮನೆಗೆ ಹೋಗುವ ಮೊದಲ ದಾರಿ ಈ ಸಮಿತಿಯೇ.

ನಲಿ-ಕಲಿ ತರಗತಿಯಲ್ಲಿ ನಡೆಯುವುದೇನು

ಒಂದರಿಂದ ಮೂರನೆಯ ತರಗತಿಯ ಬಗ್ಗೆ ಪೋಷಕರಿಂದ ಕೇಳಿಬರುವ ಸಾಮಾನ್ಯ ದೂರು, “ಅಲ್ಲಿ ಬರೀ ಆಟ ಆಡಿಸುತ್ತಾರೆ, ಪಾಠ ಮಾಡುವುದಿಲ್ಲ” ಎಂಬುದು. ಈ ದೂರಿಗೆ ಉತ್ತರಿಸಬೇಕಾದರೆ ಸದಸ್ಯರು ನಲಿ-ಕಲಿ ಪದ್ಧತಿಯ ಪರಿಚಯ ಹೊಂದಿರಬೇಕು.

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಯುನಿಸೆಫ್ ನೆರವಿನೊಂದಿಗೆ ಈ ಪದ್ಧತಿ ಮೊದಲಾಯಿತು. ಆಂಧ್ರಪ್ರದೇಶದ ರಿಷಿ ವ್ಯಾಲಿಯಲ್ಲಿ ನಡೆದಿದ್ದ ಪ್ರಯೋಗ ಇದಕ್ಕೆ ಪ್ರೇರಣೆ. 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗಳಿಗೂ, ಮರುವರ್ಷ ಮೂರನೆಯ ತರಗತಿಗೂ ಇದನ್ನು ವಿಸ್ತರಿಸಲಾಯಿತು.

ಈ ತರಗತಿಯಲ್ಲಿ ಪಾಠವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ವಿಂಗಡಿಸಲಾಗಿದೆ. ಇವುಗಳನ್ನು ತೋರಿಸುವ ಗೋಡೆ ಪಟವೇ ಕಲಿಕಾ ಏಣಿ. ಕೆಲವು ಮೆಟ್ಟಿಲುಗಳು ಸೇರಿ ಒಂದು ಮೈಲಿಗಲ್ಲು. ಪ್ರತಿ ಮೆಟ್ಟಿಲಿಗೂ ಒಂದು ಕಾರ್ಡು, ಕಾರ್ಡಿನ ಮೇಲೆ ಒಂದು ಚಿತ್ರ ಸಂಕೇತ. ಮಗು ಏಣಿಯಲ್ಲಿ ತನ್ನ ಮೆಟ್ಟಿಲನ್ನು ನೋಡಿ, ತಾನೇ ಕಾರ್ಡು ತೆಗೆದುಕೊಂಡು, ತನ್ನ ಗುಂಪಿನಲ್ಲಿ ಕುಳಿತುಕೊಳ್ಳುತ್ತದೆ. ಈ ಗುಂಪುಗಳಿಗೆ ‘ತಟ್ಟೆ’ ಎಂದು ಹೆಸರು. ಹೊಸ ವಿಷಯ ಕಲಿಯುವ ತಟ್ಟೆಯಲ್ಲಿ ಶಿಕ್ಷಕರ ಪೂರ್ಣ ಬೆಂಬಲವಿರುತ್ತದೆ; ಅಭ್ಯಾಸ ಮುಂದುವರಿದಂತೆ ಸಹಪಾಠಿಗಳ ಬೆಂಬಲ, ಕೊನೆಗೆ ಸ್ವಕಲಿಕೆ. ಮೂರು ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ಬೇರೆ ಬೇರೆ ಕೆಲಸದಲ್ಲಿ ತೊಡಗಿರುವುದು ಇದೇ ಕಾರಣಕ್ಕೆ. ಹೊರಗಿನಿಂದ ನೋಡಿದವರಿಗೆ ಗದ್ದಲದಂತೆ ಕಾಣುವುದು ಪದ್ಧತಿಯ ಒಳಗಿನ ಕ್ರಮವೇ ಆಗಿರುತ್ತದೆ.

ಇನ್ನೊಂದು ಆತಂಕ ಅಕ್ಷರಗಳ ಕುರಿತಾದದ್ದು. “ಶಾಲೆಗೆ ಸೇರಿಸಿ ಎರಡು ತಿಂಗಳಾಯಿತು, ಮಗುವಿಗೆ ಅ ಆ ಇ ಈ ಬರುವುದಿಲ್ಲ” ಎಂದು ಅಜ್ಜಿ-ತಾತಂದಿರು ನೊಂದುಕೊಳ್ಳುವುದುಂಟು. ನಲಿ-ಕಲಿಯಲ್ಲಿ ಅಕ್ಷರ ಕಲಿಕೆ ವರ್ಣಮಾಲೆಯ ಕ್ರಮದಲ್ಲಿ ನಡೆಯುವುದಿಲ್ಲ. ಮೊದಲು ಬರುವುದು ರ, ಗ, ಸ, ದ, ಅ ಎಂಬ ಐದು ಅಕ್ಷರಗಳು. ಈ ಐದೇ ಅಕ್ಷರಗಳಿಂದ ಸರ, ಅರಸ, ಅಗಸ, ಗರಗಸ ಎಂಬ ಪದಗಳನ್ನು ಮಗು ಓದಬಲ್ಲದು. ಮಾಲೆಯನ್ನೆಲ್ಲ ಬಾಯಿಪಾಠ ಮಾಡಿದ ಮೇಲೆ ಪದಕ್ಕೆ ಬರುವ ಬದಲು, ಆರಂಭದಲ್ಲಿಯೇ ಅರ್ಥವುಳ್ಳ ಪದ ಓದಿದ ಸಂತೋಷ ಮಗುವಿಗೆ ಸಿಗಲಿ ಎಂಬುದು ಇದರ ಉದ್ದೇಶ. ಈ ಒಂದು ಸಂಗತಿ ತಿಳಿದರೆ ಮನೆಯವರು ಮಗುವನ್ನು ಗದರಿಸುವ ಬದಲು “ಇವತ್ತು ಯಾವ ಪದ ಓದಿದೆ?” ಎಂದು ಕೇಳುತ್ತಾರೆ.

ಮಗು ಎಲ್ಲಿಗೆ ತಲುಪಿರಬೇಕು

2021ರ ಜುಲೈ 5ರಂದು ಆರಂಭವಾದ ನಿಪುಣ್ ಭಾರತ್ ಯೋಜನೆಯು, ಮೂರನೆಯ ತರಗತಿ ಮುಗಿಸುವ ಪ್ರತಿ ಮಗುವೂ 2026-27ರ ಹೊತ್ತಿಗೆ ಬುನಾದಿ ಸಾಕ್ಷರತೆ ಮತ್ತು ಸಂಖ್ಯಾ ಜ್ಞಾನ ಪಡೆದಿರಬೇಕೆಂಬ ಗುರಿ ಹೊಂದಿದೆ. ಪೋಷಕರಿಗೆ ಹೇಳಬಹುದಾದ ಸರಳ ರೂಪದಲ್ಲಿ ಆ ಗುರಿಗಳು ಹೀಗಿವೆ:

ಒಂದನೆಯ ತರಗತಿಯ ಕೊನೆಗೆ: ನಾಲ್ಕೈದು ಸರಳ ಪದಗಳಿರುವ ಚಿಕ್ಕ ವಾಕ್ಯವನ್ನು, ಅದು ಹಿಂದೆ ನೋಡಿರದ ವಾಕ್ಯವಾದರೂ, ಓದುವುದು, 99ರವರೆಗಿನ ಸಂಖ್ಯೆಗಳನ್ನು ಓದಿ ಬರೆಯುವುದು.

ಎರಡನೆಯ ತರಗತಿಯ ಕೊನೆಗೆ: ಚಿಕ್ಕ ಪಠ್ಯವನ್ನು ತಡವರಿಸದೆ ಅರ್ಥಸಹಿತ ಓದುವುದು, 999ರವರೆಗಿನ ಸಂಖ್ಯೆಗಳು.

ಮೂರನೆಯ ತರಗತಿಯ ಕೊನೆಗೆ: ವಯಸ್ಸಿಗೆ ತಕ್ಕ ಹೊಸ ಪಠ್ಯವನ್ನು ಸರಾಗವಾಗಿ ಓದಿ ಅರ್ಥ ಹೇಳುವುದು, 9999ರವರೆಗಿನ ಸಂಖ್ಯೆಗಳು ಮತ್ತು ಸರಳ ಗುಣಾಕಾರ.

ಇದು ಏಕೆ ಮುಖ್ಯವೆಂದರೆ, ನಾಲ್ಕನೆಯ ತರಗತಿಯಿಂದ ಪಠ್ಯಪುಸ್ತಕವು ಮಗುವಿಗೆ ಓದಲು ಬರುತ್ತದೆ ಎಂದು ನಂಬಿಯೇ ಮುಂದುವರಿಯುತ್ತದೆ. ಓದು ಬಾರದ ಮಗುವಿಗೆ ಪರಿಸರ ಅಧ್ಯಯನವೂ ಕಠಿಣ, ಗಣಿತದ ಪ್ರಶ್ನೆಯೂ ಕಠಿಣ. ಅಂಥ ಮಗು ತರಗತಿಯ ಹಿಂದಿನ ಸಾಲಿಗೆ ಸರಿಯುತ್ತದೆ, ಒಂದು ದಿನ ಬಂದರೆ ಎರಡು ದಿನ ಬರುವುದಿಲ್ಲ. ಶಾಲೆ ಬಿಟ್ಟ ಮಕ್ಕಳ ಪಟ್ಟಿಯಲ್ಲಿ ಅದರ ಹೆಸರು ಬರುವುದು ಹಲವು ವರ್ಷಗಳ ನಂತರ. ಶಾಲೆ ಬಿಡುವ ದಾರಿ ಹಿಡಿದದ್ದು ಮಾತ್ರ ಮೂರನೆಯ ತರಗತಿಯಲ್ಲಿ.

ಸುದ್ದಿಯನ್ನು ತಲುಪಿಸುವ ಬಗೆ

ಮೊದಲನೆಯದಾಗಿ ಸೂಚನೆಯ ಭಾಷೆ. “ಪ್ರಸಕ್ತ ಸಾಲಿನ ಮೌಲ್ಯಮಾಪನದ ಸಂಬಂಧ ಪೋಷಕರು ಕಡ್ಡಾಯವಾಗಿ ಹಾಜರಾಗತಕ್ಕದ್ದು” ಎಂಬ ವಾಕ್ಯವು ಕಚೇರಿಗೆ ಒಗ್ಗುತ್ತದೆ, ಮನೆಗೆ ಒಗ್ಗುವುದಿಲ್ಲ. ತಿಂಗಳಿಗೊಮ್ಮೆ ಮನೆಗೆ ಹೋಗುವ ಚೀಟಿ ಕೆಳಗಿನಂತಿರಬಹುದು. ಮುಖ್ಯಶಿಕ್ಷಕರೊಂದಿಗೆ ಚರ್ಚಿಸಿ ಇದನ್ನು ಮಾದರಿಯಾಗಿ ಬಳಸಬಹುದು.

“ತಾಯಿ, ತಂದೆ, ಅಜ್ಜಿ, ತಾತನವರಿಗೆ ನಮಸ್ಕಾರ. ಈ ತಿಂಗಳು ನಿಮ್ಮ ಮಗು ಹತ್ತು ಮತ್ತು ಬಿಡಿಗಳನ್ನು ಕಲಿಯುತ್ತಿದೆ. ಮನೆಯಲ್ಲಿ ಹುಣಸೆ ಬೀಜವನ್ನೋ ಅವರೆ ಕಾಳನ್ನೋ ಕೊಟ್ಟು, ಹತ್ತು ಹತ್ತರ ಗುಡ್ಡೆ ಮಾಡಿಸಿ, ಒಟ್ಟು ಎಷ್ಟೆಂದು ಕೇಳಿ. ತರಗತಿಯಲ್ಲಿ ಕಲಿತ ಹಾಡನ್ನು ರಾತ್ರಿ ಹಾಡಿಸಿ. ಬರುವ ಶನಿವಾರ ಸಂಜೆ 6 ಗಂಟೆಗೆ ಶಾಲೆಯಲ್ಲಿ ಪೋಷಕರ ಸಭೆ ಇದೆ. ನಿಮ್ಮ ಮಗುವಿನ ಕೆಲಸವನ್ನು ನೀವೇ ನೋಡಬಹುದು. ಮನೆಯಿಂದ ಒಬ್ಬರಾದರೂ ಬನ್ನಿ.”

ಈ ಚೀಟಿಯನ್ನು ಮನೆಯವರು ಓದಲಾರದಿದ್ದರೆ ನಾಲ್ಕು ಅಥವಾ ಐದನೆಯ ತರಗತಿಯ ಮಗು ಓದಿ ಹೇಳಬಲ್ಲದು. ಬೀಜ ಎಣಿಸಲು, ಕಥೆ ಕೇಳಲು, ಒಗಟು ಬಿಡಿಸಲು ಹಿರಿಯರಿಗೆ ಅಕ್ಷರ ಜ್ಞಾನ ಬೇಕಿಲ್ಲ. “ನಮಗೆ ಓದಲು ಬರುವುದಿಲ್ಲ, ನಾವೇನು ಹೇಳಿಕೊಡುವುದು?” ಎಂಬ ಸಂಕೋಚವನ್ನು ದೂರ ಮಾಡುವುದೇ ಈ ಚೀಟಿಯ ಮುಖ್ಯ ಕೆಲಸ.

ಎರಡನೆಯದಾಗಿ ಪಂಚಾಯಿತಿಯ ಸ್ವಂತ ಸಾಧನಗಳು. ಬೆಳಿಗ್ಗೆ ಮನೆ ಮನೆಗೆ ಹೋಗುವ ಸ್ವಚ್ಛ ವಾಹಿನಿಯ ಧ್ವನಿವರ್ಧಕದಲ್ಲಿ ಪೋಷಕರ ಸಭೆಯ ದಿನ ಮತ್ತು ವೇಳೆಯನ್ನು ಎರಡು ವಾಕ್ಯದಲ್ಲಿ ಸಾರಬಹುದು. ಡಂಗುರದ ಪದ್ಧತಿ ಉಳಿದಿರುವ ಊರುಗಳಲ್ಲಿ ಅದೂ ಆಗುತ್ತದೆ. ಸ್ವಸಹಾಯ ಸಂಘಗಳ ವಾರದ ಸಭೆಯಲ್ಲಿ ಐದು ನಿಮಿಷವನ್ನು ಶಾಲೆಯ ಸುದ್ದಿಗೆ ಮೀಸಲಿಡುವಂತೆ ಒಕ್ಕೂಟವನ್ನು ಕೋರಬಹುದು. ಅಂಗನವಾಡಿ ಕಾರ್ಯಕರ್ತೆ ಮತ್ತು ಆಶಾ ಕಾರ್ಯಕರ್ತೆಯರಿಗೆ ಯಾವ ಮನೆಯಲ್ಲಿ ಯಾವ ಹೊತ್ತಿಗೆ ಜನರಿರುತ್ತಾರೆಂಬುದು ತಿಳಿದಿರುತ್ತದೆ. ವಾಟ್ಸಾಪ್ ಗುಂಪು ಅನುಕೂಲಕರವಾದರೂ ಅದೊಂದನ್ನೇ ನೆಚ್ಚಬಾರದು. ಮನೆಯ ಒಂದೇ ಫೋನು ದಿನವಿಡೀ ತಂದೆಯ ಜೇಬಿನಲ್ಲಿದ್ದರೆ ಸುದ್ದಿ ತಾಯಿಗೆ ಮುಟ್ಟುವುದಿಲ್ಲ.

ಮೂರನೆಯದಾಗಿ ಸಭೆಯ ವೇಳೆ. ಬೆಳಿಗ್ಗೆ 11 ಗಂಟೆಯ ಸಭೆಗೆ ಬಂದ ಕೂಲಿಕಾರ ತಾಯಿ ಆ ದಿನದ ಕೂಲಿ ಕಳೆದುಕೊಳ್ಳುತ್ತಾಳೆ. ಬಾರದವರನ್ನು ಆಸಕ್ತಿ ಇಲ್ಲದವರೆಂದು ತೀರ್ಮಾನಿಸುವ ಮೊದಲು ವೇಳೆಯನ್ನು ಬದಲಿಸಿ ನೋಡಬೇಕು. ಸಂತೆಯ ದಿನ ಕೂಲಿಗೆ ಬಿಡುವಿರುವ ಊರುಗಳಲ್ಲಿ ಅದೇ ದಿನ, ಉಳಿದೆಡೆ ಸಂಜೆ ಸಭೆ ಇಡುವ ಬಗ್ಗೆ ಎಸ್‌ಡಿಎಂಸಿ ಮತ್ತು ಶಿಕ್ಷಕರೊಂದಿಗೆ ಮಾತನಾಡಬಹುದು. ಶಿಕ್ಷಕರು ದೂರದ ಊರಿನಿಂದ ಬರುವವರಾದರೆ ಅವರ ಅನುಕೂಲವನ್ನೂ ಗಮನಿಸಬೇಕು. ಶಾಲೆಯಿಂದ ದೂರವಿರುವ ತಾಂಡಾ, ಹಾಡಿ, ಕಾಲೋನಿಗಳಲ್ಲಿ ಅಲ್ಲಿಯೇ ಒಂದು ಸಭೆ ನಡೆಸುವುದು ಮೇಲು.

ಎರಡನೆಯ ಅವಧಿಯ ಮುಖ್ಯ ದಿನಗಳು

ನವೆಂಬರ್: 1ರಂದು ಕನ್ನಡ ರಾಜ್ಯೋತ್ಸವ, 14ರಂದು ಮಕ್ಕಳ ದಿನಾಚರಣೆ. ಮಕ್ಕಳ ಗ್ರಾಮಸಭೆಯ ಸಿದ್ಧತೆಗೆ ಇದು ತಕ್ಕ ಕಾಲ. ಈ ಸಭೆಯಲ್ಲಿ ಸಾಮಾನ್ಯವಾಗಿ ದೊಡ್ಡ ಮಕ್ಕಳೇ ಮಾತನಾಡುತ್ತಾರೆ. ಚಿಕ್ಕ ಮಕ್ಕಳು ಬಿಡಿಸಿದ ಚಿತ್ರಗಳನ್ನು ಸಭಾಂಗಣದಲ್ಲಿ ತೂಗುಹಾಕಿದರೆ ಅವರ ಮಾತೂ ಸೇರಿದಂತಾಗುತ್ತದೆ. ಹಿಂದಿನ ವರ್ಷ ಮಕ್ಕಳು ಕೇಳಿದ್ದಕ್ಕೆ ಪಂಚಾಯಿತಿ ಏನು ಮಾಡಿದೆ ಎಂಬುದನ್ನು ಸಭೆಯ ಆರಂಭದಲ್ಲಿಯೇ ಓದಿ ಹೇಳಬೇಕು.

ಡಿಸೆಂಬರ್: 22ರಂದು ಶ್ರೀನಿವಾಸ ರಾಮಾನುಜನ್ ಅವರ ಜನ್ಮದಿನ, ರಾಷ್ಟ್ರೀಯ ಗಣಿತ ದಿನ. ಮಕ್ಕಳ ಸಂತೆ ನಡೆಸಲು ಒಳ್ಳೆಯ ಸಂದರ್ಭ. ಮಕ್ಕಳು ತರಕಾರಿ ತಂದು ಮಾರುವಾಗ ತಾಯಂದಿರು ಗ್ರಾಹಕರಾಗಿ ಬಂದರೆ, ಕೂಡುವ ಕಳೆಯುವ ಲೆಕ್ಕ ಮಗುವಿಗೆ ಎಷ್ಟು ಬರುತ್ತದೆಂಬುದು ಅಲ್ಲಿಯೇ ಗೊತ್ತಾಗುತ್ತದೆ.

ಜನವರಿ: 26ರಂದು ಗಣರಾಜ್ಯೋತ್ಸವ. ಅಂದು ಊರಿನ ಬಹಳಷ್ಟು ಜನ ಶಾಲೆಯ ಅಂಗಳಕ್ಕೆ ಬರುತ್ತಾರೆ. ಧ್ವಜವಂದನೆಯ ನಂತರ ನಲಿ-ಕಲಿ ಕೋಣೆಯ ಬಾಗಿಲು ತೆರೆದು, ಪೋಷಕರು ಕಲಿಕಾ ಏಣಿಯನ್ನೂ ಮಕ್ಕಳ ಕೆಲಸವನ್ನು ತೂಗುಹಾಕಿದ ಚಪ್ಪರವನ್ನೂ ನೋಡುವಂತೆ ಮಾಡಬಹುದು.

ಫೆಬ್ರವರಿ: 28ರಂದು ರಾಷ್ಟ್ರೀಯ ವಿಜ್ಞಾನ ದಿನ. ಕಲಿಕಾ ಹಬ್ಬ ಮತ್ತು ವಾರ್ಷಿಕೋತ್ಸವಗಳ ದಿನಾಂಕವನ್ನು ಮುಖ್ಯಶಿಕ್ಷಕರಿಂದ ಪಡೆದು ಕನಿಷ್ಠ ಹತ್ತು ದಿನ ಮುಂಚಿತವಾಗಿ ಸಾರಬೇಕು.

ಮಾರ್ಚ್ ಮತ್ತು ಏಪ್ರಿಲ್: ವರ್ಷಾಂತ್ಯದ ಮೌಲ್ಯಾಂಕನ, ಪ್ರಗತಿ ಪತ್ರ ವಿತರಣೆ. ಪ್ರಗತಿ ಪತ್ರ ಪಡೆದುಕೊಳ್ಳುವ ದಿನವೇ ಪೋಷಕರಿಗೆ ಬೇಸಿಗೆ ರಜೆಯ ಓದಿನ ಬಗ್ಗೆ ತಿಳಿಸಬೇಕು.

ರಜೆಯ ಓದಿಗೆ ನೆರವಾಗಲು ಗ್ರಾಮ ಪಂಚಾಯಿತಿ ಗ್ರಂಥಾಲಯವಿದೆ. ಈಗ ಅರಿವು ಕೇಂದ್ರ ಎಂಬ ಹೆಸರಿನಲ್ಲಿ ಪರಿಚಿತವಾಗಿದೆ. 2020ರ ನವೆಂಬರ್‌ನಲ್ಲಿ ಆರಂಭವಾದ ಓದುವ ಬೆಳಕು ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳು ಇಲ್ಲಿ ಉಚಿತವಾಗಿ ಸದಸ್ಯರಾಗಬಹುದು. ಒಂದರಿಂದ ಮೂರನೆಯ ತರಗತಿಯ ಎಷ್ಟು ಮಕ್ಕಳು ನೋಂದಣಿಯಾಗಿದ್ದಾರೆ, ಅವರ ವಯಸ್ಸಿಗೆ ತಕ್ಕ ದೊಡ್ಡ ಅಕ್ಷರದ ಚಿತ್ರ ಪುಸ್ತಕಗಳು ಕೈಗೆಟುಕುವ ಎತ್ತರದಲ್ಲಿವೆಯೇ ಎಂಬುದನ್ನು ಸದಸ್ಯರು ಸ್ವತಃ ನೋಡಬೇಕು.

ವಲಸೆ ಹೋಗುವ ಕುಟುಂಬಗಳು

ದೀಪಾವಳಿಯ ಆಸುಪಾಸಿನಲ್ಲಿ ಕಬ್ಬು ಕಡಿಯಲು, ಇಟ್ಟಿಗೆ ಭಟ್ಟಿಗೆ, ನಗರದ ಕಟ್ಟಡ ಕೆಲಸಕ್ಕೆ ಗುಳೆ ಹೋಗುವ ಕುಟುಂಬಗಳಿರುವ ಪಂಚಾಯಿತಿಗಳು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕು. ನಲಿ-ಕಲಿ ಪದ್ಧತಿಯಲ್ಲಿ ಗೈರುಹಾಜರಾದ ಮಗು ಮರಳಿ ಬಂದಾಗ ತಾನು ನಿಲ್ಲಿಸಿದ್ದ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ವಾರ ಎರಡು ವಾರದ ಗೈರಿಗೆ ಇದು ದೊಡ್ಡ ಅನುಕೂಲ. ಆದರೆ ಐದಾರು ತಿಂಗಳು ಕಾರ್ಡನ್ನೇ ಮುಟ್ಟದ ಮಗು, ಹತ್ತಿದ್ದ ಮೆಟ್ಟಿಲುಗಳನ್ನೂ ಮರೆತಿರುತ್ತದೆ.

ಆದ್ದರಿಂದ ಕುಟುಂಬ ಹೊರಡುವ ಮೊದಲೇ ಮಾತನಾಡಬೇಕು. ಮಗುವನ್ನು ಅಜ್ಜಿಯ ಬಳಿಯೋ ಬಂಧುಗಳ ಬಳಿಯೋ ಬಿಡಲು ಸಾಧ್ಯವೇ, ಹತ್ತಿರದಲ್ಲಿ ಹಂಗಾಮಿ ವಸತಿ ವ್ಯವಸ್ಥೆ ಇದೆಯೇ ಎಂದು ವಿಚಾರಿಸಬೇಕು. ಜೊತೆಯಲ್ಲಿ ಕರೆದೊಯ್ಯುವುದು ಅನಿವಾರ್ಯವಾದರೆ, ಮಗುವಿನ ಹೆಸರು, ತರಗತಿ, ಸ್ಯಾಟ್ಸ್ ಸಂಖ್ಯೆ ಮತ್ತು ತಲುಪಿರುವ ಮೈಲಿಗಲ್ಲು ಬರೆದ ಒಂದು ಚೀಟಿಯನ್ನು ಮುಖ್ಯಶಿಕ್ಷಕರಿಂದ ಕೊಡಿಸಬೇಕು. ಅಧಿನಿಯಮದ 5ನೆಯ ಪ್ರಕರಣದ ಪ್ರಕಾರ, ವರ್ಗಾವಣೆ ಪತ್ರ ತರಲು ತಡವಾಯಿತೆಂಬ ಕಾರಣಕ್ಕೆ ಹೋದ ಊರಿನ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಈ ಮಾತು ಹೊರಡುವ ತಂದೆ-ತಾಯಿಗೆ ಗೊತ್ತಿರಬೇಕು. ಹಾಗೆಯೇ, ಬೇರೆ ಕಡೆಯಿಂದ ಕೂಲಿಗೆ ಬಂದ ಕುಟುಂಬಗಳನ್ನು ಹೊಂದಿರುವ ಪಂಚಾಯಿತಿಗೂ ಗೊತ್ತಿರಬೇಕು.

ಪಾಲಿಸಬೇಕಾದ ಮಿತಿಗಳು

ಮಗುವಿನ ಪ್ರಗತಿ ಆ ಮನೆಗೆ ಸೇರಿದ ವಿಷಯ. ಗ್ರಾಮಸಭೆಯಲ್ಲಾಗಲಿ ಧ್ವನಿವರ್ಧಕದಲ್ಲಾಗಲಿ ಇಂಥವರ ಮಗು ಓದಿನಲ್ಲಿ ಹಿಂದಿದೆ ಎಂದು ಹೆಸರಿಸಬಾರದು. ಸಾರ್ವಜನಿಕವಾಗಿ ಹೇಳಬೇಕಾದ್ದು ಕಾರ್ಯಕ್ರಮದ ಸುದ್ದಿ ಮಾತ್ರ. ಪ್ರಗತಿಯ ಮಾತು ಶಿಕ್ಷಕರು ಮತ್ತು ಪೋಷಕರ ನಡುವೆ ನಡೆಯಬೇಕು. ಪೋಷಕರ ಒಪ್ಪಿಗೆ ಇಲ್ಲದೆ ಮಕ್ಕಳ ಭಾವಚಿತ್ರಗಳನ್ನು ವಾಟ್ಸಾಪ್ ಗುಂಪುಗಳಲ್ಲಿ ಹಂಚಬಾರದು. ತರಗತಿಗೆ ಭೇಟಿ ನೀಡುವ ಸದಸ್ಯರು ಮಕ್ಕಳ ಮುಂದೆ ಶಿಕ್ಷಕರನ್ನು ಪ್ರಶ್ನಿಸುವುದೂ, ಮಕ್ಕಳನ್ನು ನಿಲ್ಲಿಸಿ ಮಗ್ಗಿ ಕೇಳುವುದೂ ಉಚಿತವಲ್ಲ. ಹತ್ತು ನಿಮಿಷ ಮಕ್ಕಳ ನಡುವೆ ಕುಳಿತು ನೋಡಿದರೆ ತಿಳಿಯಬೇಕಾದ್ದು ತಿಳಿಯುತ್ತದೆ. ಪೋಷಕರ ಸಭೆಯು ವಂತಿಗೆ ಸಂಗ್ರಹದ ಸಭೆಯಾಗದಂತೆ ಎಚ್ಚರ ವಹಿಸಬೇಕು. ಒಮ್ಮೆ ಹಣದ ಮಾತು ಬಂದರೆ ಬಡ ಪೋಷಕರು ಮುಂದಿನ ಸಭೆಗೆ ಬರಲು ಹಿಂಜರಿಯುತ್ತಾರೆ.

ಮುಂದಿನ ಸಾಮಾನ್ಯ ಸಭೆಗೆ ಮೂರು ವಿಷಯಗಳು

ಪಂಚಾಯಿತಿಯ ಮುಂದಿನ ಸಾಮಾನ್ಯ ಸಭೆಯಲ್ಲಿ ಈ ಮೂರು ವಿಷಯಗಳನ್ನು ಚರ್ಚೆಗೆ ತೆಗೆದುಕೊಳ್ಳಲು ಕೋರಿದೆ. ಒಂದು, ವ್ಯಾಪ್ತಿಯ ಎಲ್ಲ ಪ್ರಾಥಮಿಕ ಶಾಲೆಗಳಿಂದ ಎರಡನೆಯ ಅವಧಿಯ ಕಾರ್ಯಕ್ರಮಗಳ ದಿನಾಂಕ ಪಡೆದು, ಒಂದೇ ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ, ಪಂಚಾಯಿತಿ ಸೂಚನಾ ಫಲಕ, ಅರಿವು ಕೇಂದ್ರ, ಅಂಗನವಾಡಿ ಮತ್ತು ನ್ಯಾಯಬೆಲೆ ಅಂಗಡಿಯಲ್ಲಿ ಹಚ್ಚುವುದು. ಎರಡು, ಪೋಷಕರ ಸಭೆಗೆ ಯಾವ ವಾರ್ಡಿನಿಂದ ಯಾರೂ ಬರುತ್ತಿಲ್ಲ ಎಂಬುದನ್ನು ಶಾಲೆಯಿಂದ ತಿಳಿದು, ಆ ವಾರ್ಡಿನ ಸದಸ್ಯರು ಮನೆಗಳಿಗೆ ಹೋಗಿ ಕಾರಣ ಕೇಳುವುದು. ಮೂರು, ಗುಳೆ ಹೋಗುವ ಮತ್ತು ಗುಳೆ ಬಂದಿರುವ ಕುಟುಂಬಗಳ ಮಕ್ಕಳ ಪಟ್ಟಿಯನ್ನು ಮುಖ್ಯಶಿಕ್ಷಕರು ಮತ್ತು ಅಂಗನವಾಡಿ ಕಾರ್ಯಕರ್ತೆಯರೊಂದಿಗೆ ಸೇರಿ ಸಿದ್ಧಪಡಿಸುವುದು.

ಇವುಗಳಿಗೆ ಹೊಸ ಅನುದಾನ ಬೇಕಿಲ್ಲ. ಒಂದು ಹಾಳೆ, ಎರಡು ವಾಕ್ಯದ ಘೋಷಣೆ ಮತ್ತು ಸದಸ್ಯರು ಮನೆಯ ಬಾಗಿಲಿಗೆ ಹೋಗಿ ಆಡುವ ನಾಲ್ಕು ಮಾತು ಸಾಕು. ಒಂದನೆಯ ತರಗತಿಯ ಮಗು ಇಂದು ‘ಗರಗಸ’ ಎಂದು ತಾನಾಗಿಯೇ ಓದಿತೆಂಬ ಸುದ್ದಿ ಆ ದಿನವೇ ಮನೆಗೆ ತಿಳಿದರೆ, ನಾಳೆ ಅದನ್ನು ಶಾಲೆಗೆ ಕಳುಹಿಸಲು ಯಾರೂ ನೆನಪಿಸಬೇಕಾಗುವುದಿಲ್ಲ.